ಹೆಪ್ಪುಗಟ್ಟದ ಕಲ್ಲು

"ಇನ್ನೊಂದು ಸಲ ಒತ್ತಿ ನೋಡಪ್ಪ," ಎಂದು ಟೀಚರಮ್ಮ ಹೇಳುತ್ತಿದ್ದ ಹಾಗೆಯೇ ಹೆಣವಿಡುವ ತಂಪುಪೆಟ್ಟಿಗೆ ತಂದವನು ಪ್ಲಗ್ಗನ್ನು ಗೋಡೆಗೆ ಬಲವಾಗಿ ಅದುಮಿದ. ಗಾಜಿನ ಮುಚ್ಚಳದ ಕೆಳಗೆಲ್ಲೋ ಗುರ್ ಎಂದು ಸದ್ದು ಶುರುವಾಯಿತು, ಪಕ್ಕದ ಪುಟ್ಟ ಕಿಂಡಿಯಲ್ಲಿ ಕೆಂಪು ಅಂಕಿಗಳು ಹೊತ್ತಿಕೊಂಡವು. ಆ ಸ್ವಿಚ್ ಬೋರ್ಡು ಯಾವತ್ತಿನಿಂದಲೋ ಸಡಿಲ. ಇಸ್ತ್ರಿಪೆಟ್ಟಿಗೆ ಹಾಕಿದರೆ ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದು ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡೇ ನಿಲ್ಲಬೇಕು. ಸರಿಮಾಡುತ್ತೇನೆ, ಸರಿಮಾಡುತ್ತೇನೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಆಕೆಯ ಯಜಮಾನರು ಈಗ ಅದೇ ಪ್ಲಗ್ಗನ್ನು ನಂಬಿಕೊಂಡು ಗಾಜಿನ ಕೆಳಗೆ ಮಲಗಿದ್ದರು.

ನಿನ್ನೆ ಸಂಜೆ ಪತ್ರಿಕೆ ಹಿಡಿದು ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟಿದ್ದರು. ಕಾಫಿ ತಂದ ಟೀಚರಮ್ಮ ಎರಡು ಸಲ ಕರೆದು, ಮೂರನೆಯ ಸಲ ಕನ್ನಡಕ ತೆಗೆದಿಡಲು ಹೋದಾಗ ಗೊತ್ತಾಗಿತ್ತು.

ಬೀದಿಯವರ ಬಾಯಲ್ಲಿ ಅವರು ಫ್ರಿಜ್ ಮೇಷ್ಟ್ರು. ಯಾರಾದರೂ ಏನು ಕೆಲಸ ಎಂದು ಕೇಳಿದರೆ "ವಸ್ತುಗಳನ್ನ ತಣ್ಣಗೆ ಮಾಡಿ ನೋಡೋದು" ಎಂದು ಇದ್ದದ್ದನ್ನೇ ಹೇಳುತ್ತಿದ್ದರು. ಕೇಳಿದವರು ತಮಗೆ ತಿಳಿದಷ್ಟು ತಿಳಿದುಕೊಂಡರು. ಎದುರುಮನೆಯಾಕೆ ಒಂದು ರಜಾದಿನ ತನ್ನ ಕೆಟ್ಟುಹೋದ ಫ್ರಿಜ್ಜನ್ನು ಹೊರಿಸಿಕೊಂಡು ಬಂದು ಇವರ ಬಾಗಿಲಲ್ಲೇ ಇಳಿಸಿದ್ದಳು. ಗಾಳಿಯೇ ಗಡ್ಡೆಕಟ್ಟುವಂಥ ಚಳಿಯ ಜೊತೆ ಹೆಣಗುತ್ತಿದ್ದ ಮನುಷ್ಯ ಬೇಡ ಅನ್ನಲಿಲ್ಲ. ಇಡೀ ದಿನ ಅದರ ಬೆನ್ನು ಬಿಚ್ಚಿಕೊಂಡು ಕೂತು, ಸಂಜೆಗೆ ಕೈಯೆಲ್ಲ ಮಸಿ ಮಾಡಿಕೊಂಡು, "ಇಲ್ಲಮ್ಮ, ನನ್ನ ಕೈಲಾಗಲಿಲ್ಲ, ತಪ್ಪು ತಿಳೀಬೇಡಿ" ಎಂದು ಒಪ್ಪಿಕೊಂಡಿದ್ದರು. ಇವತ್ತು ಆ ಎದುರುಮನೆಯಾಕೆಯೇ ಎಲ್ಲರಿಗಿಂತ ಮೊದಲು ಬಂದು, ಚಪ್ಪಲಿ ಜೋಡಿಸಿಟ್ಟು, ಅಡುಗೆಮನೆ ಹೊಕ್ಕು ಬಂದವರಿಗೆಲ್ಲ ಕಾಫಿ ಬೆರೆಸುತ್ತಿದ್ದಳು.

ಹತ್ತು ಗಂಟೆಯ ಬಸ್ಸಿಗೆ ನಾದಿನಿ ಬಂದಳು. ಬ್ಯಾಗನ್ನು ಬಾಗಿಲಲ್ಲೇ ಕೆಳಗೆ ಹಾಕಿ, ಗಾಜಿಗೆ ಹಣೆ ಹಚ್ಚಿ ಅತ್ತಳು. ಅವಳ ಅಳುವಿನಲ್ಲಿ ಕಪಟವಿರಲಿಲ್ಲ. ತಾಯಿ ಸತ್ತ ಮೇಲೆ ಅವಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದು ಈ ಅಣ್ಣನೇ. ಆದರೆ ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಗೋಡೆಯ ಕಡೆ ನೋಡುತ್ತಾ, ಯಾರಿಗೂ ಅಲ್ಲ ಎಂಬಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಆ ದೊಡ್ಡ ಪ್ರಯೋಗಶಾಲೆಯವರು ಕೈಮುಗಿದು ಕರೆದಾಗ ಹೋಗಿದ್ದಿದ್ರೆ, ಇವತ್ತು ಈ ಮನೆ ಮುಂದೆ ಜನ ಹಿಡಿಸ್ತಿರಲಿಲ್ಲ. ನಮ್ಮಣ್ಣನ ಹಣೆಬರಹ. ಕಾಲಿಗೆ ಕಟ್ಟಿದ್ದ ಹಗ್ಗ ಬಿಚ್ಚಲೇ ಇಲ್ಲ."

ಹಗ್ಗ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಗಳು ಮೂಲೆಯಲ್ಲಿ ಫೋನು ಹಿಡಿದು ಚಿತಾಗಾರದವರ ಜೊತೆ ಸಮಯ ನಿಗದಿಮಾಡುತ್ತಿದ್ದವಳು ಒಂದು ಸಲ ಅಮ್ಮನ ಕಡೆ ನೋಡಿ ಮತ್ತೆ ಮುಖ ತಿರುಗಿಸಿಕೊಂಡಳು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅವಳೂ ಒಂದು ಸಲ ಇದೇ ಮಾತನ್ನು ಮುಖದ ಮೇಲೆ ಹೊಡೆದ ಹಾಗೆ ಅಂದಿದ್ದಳು. ಆಮೇಲೆ ಅನ್ನಲಿಲ್ಲ. ಅನ್ನದಿದ್ದರೇನು, ಟೀಚರಮ್ಮ ತನಗೆ ತಾನೇ ಅಂದುಕೊಳ್ಳದ ದಿನವಿರಲಿಲ್ಲ. ಹೌದು, ಹೋಗಬೇಕಾಗಿದ್ದ ಮನುಷ್ಯನನ್ನು ತಡೆದಿದ್ದು ತಾನು. ಅದಕ್ಕೇ ಅವರು ಮಾತು ಕಡಿಮೆ ಮಾಡಿದರು. ಅದಕ್ಕೇ ಊಟದ ಮುಂದೆ ಕೂತು ಎಲ್ಲೋ ನೋಡುತ್ತಿದ್ದರು. ಇಷ್ಟು ವರ್ಷ ಆಕೆ ಆ ಮೌನವನ್ನು ಹೀಗೇ ಓದಿಕೊಂಡು ಬಂದಿದ್ದಳು.

ಒಂದು ಪ್ರಶ್ನೆ ಮಾತ್ರ ಕೇಳಬೇಕಾಗಿತ್ತು, ಕೇಳಿರಲಿಲ್ಲ: ಕೊನೆಗಾದರೂ ನನ್ನನ್ನು ಕ್ಷಮಿಸಿದಿರಾ ಇಲ್ಲವಾ? ಇನ್ನು ಗಾಜನ್ನು ಕೇಳಬೇಕು.

*

ಮದುವೆಯಾದ ಹೊಸತರಲ್ಲಿ ಅವರು ಇಂಥ ಮೌನಿಯಾಗಿರಲಿಲ್ಲ. ಊಟವಾದ ಮೇಲೆ ತಟ್ಟೆ ಎತ್ತಲು ಬಿಡದೆ ಮಾತಾಡುತ್ತಿದ್ದರು. ಒಂದು ದಿನ ಮೂರು ಚಮಚಗಳನ್ನು ತ್ರಿಕೋನ ಬರುವ ಹಾಗೆ ಮೇಜಿನ ಮೇಲೆ ಜೋಡಿಸಿದರು. ಟೀಚರಮ್ಮನ ತಾಯಿಯೂ ಇವರ ಜೊತೆಗೇ ಇದ್ದರು. ಎದುರಿನ ಕುರ್ಚಿಯಲ್ಲಿ ಕೂತು, ಎಂಜಲು ಚಮಚದ ಜೊತೆ ಇದೆಂಥಾ ಆಟ ಎಂದು ನೋಡುತ್ತಿದ್ದರು.

"ನನ್ನ ಕಲ್ಲಿನೊಳಗೆ ತಾಮ್ರದ ಕಣಗಳಿವೆ. ಒಂದೊಂದೂ ಒಂದು ಪುಟಾಣಿ ಅಯಸ್ಕಾಂತ ಅಂತಿಟ್ಕೊ," ಎಂದರು ಹೆಂಡತಿಗೆ. "ಪಕ್ಕದವನು ಮೇಲೆ ಮುಖ ಮಾಡಿದರೆ ತಾನು ಕೆಳಗೆ ಮುಖ ಮಾಡಬೇಕು ಅನ್ನೋದು ಇವುಗಳ ಹುಟ್ಟುಗುಣ. ಇಬ್ಬರೇ ಇದ್ರೆ ತಕರಾರಿಲ್ಲ. ನೀನು ಮೇಲೆ, ನಾನು ಕೆಳಗೆ, ಮುಗೀತು. ಈಗ ಮೂರನೆಯವರು ಬಂದ್ರು."

"ನನ್ನ ಮುಖ ಯಾಕೆ ನೋಡ್ತೀರಿ?" ಎಂದರು ಅತ್ತೆ.

ಮೇಷ್ಟ್ರು ನಕ್ಕುಬಿಟ್ಟರು. ಮೂರನೆಯ ಚಮಚ ಯಾವ ಕಡೆ ತಿರುಗಿದರೂ ಇಬ್ಬರಲ್ಲಿ ಒಬ್ಬರಿಗೆ ಸಿಟ್ಟು ಎಂದು ತಿರುಗಿಸಿ ತಿರುಗಿಸಿ ತೋರಿಸಿದರು. ಕಲ್ಲಿನ ತುಂಬ ಇಂಥ ತ್ರಿಕೋನಗಳೇ, ಒಂದಕ್ಕೊಂದು ಮೂಲೆ ತಾಗಿಸಿಕೊಂಡಿವೆ. ಮಾಮೂಲಿ ಅಯಸ್ಕಾಂತವಾದರೆ ಚಳಿ ಹೆಚ್ಚುತ್ತಾ ಹೋದ ಹಾಗೆ ಕಣಗಳೆಲ್ಲ ಒಂದೊಂದು ದಿಕ್ಕು ಹಿಡಿದು ಹೆಪ್ಪುಗಟ್ಟಿ ನಿಂತುಬಿಡುತ್ತವೆ. ಇವು ಹಾಗೆ ನಿಲ್ಲಲಾರವು. ಇದು ಕ್ವಾಂಟಂ ಲೋಕ. ಇಲ್ಲಿ ಮೇಲೆ ಎಂದೂ ಅಲ್ಲ, ಕೆಳಗೆ ಎಂದೂ ಅಲ್ಲ, ಎರಡೂ ಕಲೆತ ಹಾಗೆ ಇರಬಹುದು. ಇನ್ನು ಇದಕ್ಕಿಂತ ಕೆಳಗೆ ಚಳಿಯೇ ಇಲ್ಲ ಅನ್ನುವ ಕಡೆಯ ಅಂಚಿನವರೆಗೂ ಅವು ತುಯ್ದಾಡುತ್ತಲೇ ಇರುತ್ತವೆ ಎಂದು ತಮ್ಮ ನಂಬಿಕೆ ಎಂದರು.

"ಎಷ್ಟು ಚಳಿ ಹಾಕಿದರೂ?"

"ನೋಡಬೇಕು. ಅದನ್ನೇ ನೋಡ್ತಿರೋದು."

ಅದನ್ನು ಹೇಳುವಾಗ ಅವರ ಮುಖ ನೋಡಬೇಕಾಗಿತ್ತು. ಟೀಚರಮ್ಮ ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವವಳು, ಈ ವಿದ್ಯೆಯೆಲ್ಲ ತಲೆಗೆ ಹತ್ತಿರಲಿಲ್ಲ. ಆದರೆ ಆ ಮುಖಕ್ಕಾಗಿಯಾದರೂ ಕಲ್ಲು ಹೆಪ್ಪುಗಟ್ಟದೇ ಇರಲಪ್ಪಾ ಎಂದು ಹಾರೈಸಿದ್ದು ನಿಜ. ಕೆಲವು ವರ್ಷಗಳ ಮೇಲೆ, ಕಲ್ಲು ಹೆಪ್ಪುಗಟ್ಟಲಿಲ್ಲ ಎಂದು ಎಲ್ಲ ಕಡೆ ಸುದ್ದಿಯಾಯಿತು. ದೂರದ ದೊಡ್ಡ ಪ್ರಯೋಗಶಾಲೆಯಿಂದ ಕರೆ ಬಂತು.

*

ಮಧ್ಯಾಹ್ನದ ಹೊತ್ತಿಗೆ ಉದ್ದಣ್ಣ ಬಂದ. ಮೇಷ್ಟ್ರ ಮೊದಲನೆಯ ಶಿಷ್ಯ. ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡೇ ಒಳಗೆ ಬರುವ ಆಳು, ಹಾಗಾಗಿ ಆ ಹೆಸರು. ಈಗ ಮೇಷ್ಟ್ರು ದುಡಿದ ಕಾಲೇಜಿನ ಪ್ರಯೋಗಶಾಲೆಗೇ ಮುಖ್ಯಸ್ಥ. ಇವತ್ತೂ ತಲೆ ಬಡಿಸಿಕೊಂಡ, ಆದರೆ ಉಜ್ಜಿಕೊಳ್ಳಲಿಲ್ಲ. ಗಾಜಿನ ಮುಂದೆ ಕೈಕಟ್ಟಿಕೊಂಡು ಬಹಳ ಹೊತ್ತು ನಿಂತ. ಆಮೇಲೆ ಜೇಬಿನಿಂದ ಮಾತ್ರೆ ಡಬ್ಬಿಯಂಥದ್ದನ್ನು ತೆಗೆದು ಟೀಚರಮ್ಮನ ಕೈಯಲ್ಲಿಟ್ಟ. ಒಳಗೆ ಹತ್ತಿಯ ಮೇಲೆ ಹಸಿರು ಬಣ್ಣದ ಒಂದು ಹರಳು, ಬಟಾಣಿ ಕಾಳಿನಷ್ಟೂ ಇರಲಿಲ್ಲ.

"ಸಾರ್ ಅವರ ಕಲ್ಲು, ಅಕ್ಕ. ಲ್ಯಾಬಿನ ಬೀರುವಲ್ಲೇ ಇತ್ತು. ಅವರ ಜೊತೆಗೇ ಕಳಿಸೋಣ ಅಂತ ತಂದೆ."

ಇಡೀ ಆಯುಷ್ಯ ತಿಂದ ಕಲ್ಲು ಇಷ್ಟೇನಾ ಅನ್ನಿಸಿತು ಆಕೆಗೆ. ನೋಡಿದ್ದು ಇದೇ ಮೊದಲು.

ಅಷ್ಟರಲ್ಲಿ ನಾದಿನಿ ಕೆಂಪು ಅಂಕಿಯ ಕಡೆ ಬೆರಳು ತೋರಿಸಿ, ಪೆಟ್ಟಿಗೆ ಚೆನ್ನಾಗಿ ತಣ್ಣಗಾಗಿದೆ, ಇನ್ನು ಸಂಜೆಯವರೆಗೆ ಚಿಂತೆಯಿಲ್ಲ ಎಂದಳು. ಉದ್ದಣ್ಣ ಬಗ್ಗಿ ಕಿಂಡಿಯನ್ನು ನೋಡಿದ, ಆಮೇಲೆ ಅದರ ವೈರು ಎಲ್ಲಿಗೆ ಹೋಗಿದೆ ಎಂದು ನೋಡಿದ. ಸಾವಿನ ಮನೆಯಲ್ಲೂ ಕಸುಬು ಬಿಡುವುದಿಲ್ಲ.

"ಇದು ಪೆಟ್ಟಿಗೆಯ ತಂಪು," ಎಂದ ತಗ್ಗಿದ ದನಿಯಲ್ಲಿ, ಟೀಚರಮ್ಮನಿಗೆ ಮಾತ್ರ. "ಸಾರ್ ಎಷ್ಟು ತಣ್ಣಗಾಗಿದಾರೆ ಅಂತ ಇದಕ್ಕೇನು ಗೊತ್ತು? ಥರ್ಮಾಮೀಟರ್ ಅಂಟಿಸಿರೋದು ತಗಡಿಗೆ. ನಮ್ಮ ಕಲ್ಲಿನ ಕತೆಯೇ ಆಯ್ತು ಅಕ್ಕ. ಸಾರ್ ಇದ್ದಿದ್ರೆ ನಗೋರು."

"ಕಲ್ಲಿನ ಯಾವ ಕತೆ?"

"ಅದೇ, ಅಂಟು ಬಿಟ್ಟಿದ್ದು."

ಯಾವ ಅಂಟು ಎಂಬಂತೆ ಆಕೆ ನೋಡಿದಳು. ಆ ನೋಟ ಕಂಡು ಉದ್ದಣ್ಣನ ಮುಖ ಇಳಿದುಹೋಯಿತು. ಏನೋ ಒಡೆದುಹಾಕಿದವನ ಹಾಗೆ ನಿಂತುಬಿಟ್ಟ. ಟೀಚರಮ್ಮ ಡಬ್ಬಿಯ ಮುಚ್ಚಳ ಹಾಕಿದಳು, ಕಾಫಿ ಕುಡಿದು ಹೋಗುವೆಯಂತೆ ಬಾ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಎದುರುಮನೆಯಾಕೆಯನ್ನು ಹೊರಗೆ ಲೋಟ ಹಂಚಲು ಕಳಿಸಿ ಬಾಗಿಲು ಮುಂದೆ ಮಾಡಿದಳು. ಒಲೆಯ ಮೇಲೆ ಹಾಲಿಟ್ಟಳು, ಕೈಗೊಂದು ಕೆಲಸ ಬೇಕಿತ್ತು.

"ಈಗ ಹೇಳು."

ಅವನಿಗೆ ಹೇಳುವುದು ಸುಲಭವಾಗಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಎದ್ದು, ಮತ್ತೆ ಕೂತು ಹೇಳಿದ. ಯಂತ್ರದ ಒಳಗೆ ತಾಮ್ರದ ಒಂದು ಕಡ್ಡಿ. ಚಳಿ ಬರುವುದು ಅದರ ಮೂಲಕ. ಕಲ್ಲನ್ನು ಅದರ ತುದಿಗೆ ಅಂಟಿನಿಂದ ಕೂರಿಸಬೇಕು. ಥರ್ಮಾಮೀಟರ್ ಇರುವುದು ಕಡ್ಡಿಯ ಮೇಲೆ, ಕಲ್ಲಿನ ಮೇಲಲ್ಲ. ಅಷ್ಟು ಚಿಕ್ಕ ಹರಳಿನ ಮೇಲೆ ಏನನ್ನು ಕೂರಿಸುವುದು? ಕಲ್ಲು ಕಡ್ಡಿಗೆ ತಾಗಿದೆ, ಹಾಗಾಗಿ ಕಡ್ಡಿ ಎಷ್ಟು ತಣ್ಣಗೋ ಕಲ್ಲೂ ಅಷ್ಟೇ ತಣ್ಣಗೆ ಎಂದು ಲೆಕ್ಕ. ಆದರೆ ಆ ಚಳಿಗೆ ಅಂಟು ಒಳಗೊಳಗೇ ಬಿರುಕು ಬಿಟ್ಟಿತ್ತು. ಕೂದಲೆಳೆಯಷ್ಟು. ಕಡ್ಡಿ ತಣ್ಣಗಾಗುತ್ತಾ ಹೋಯಿತು, ಕಲ್ಲು ಮಾತ್ರ ತನ್ನ ಪಾಡಿಗೆ ತಾನು ಬೆಚ್ಚಗೆ ತೂಗಿಕೊಂಡಿತ್ತು. ಇವರು ಅಂಕಿ ನೋಡಿದರು, ಅಂಕಿ ಇಳಿಯುತ್ತಿತ್ತು. ಕಲ್ಲು ನೋಡಿದರು, ಹೆಪ್ಪುಗಟ್ಟಿರಲಿಲ್ಲ.

"ನಾವು ಕುಣಿದಾಡಿಬಿಟ್ವಿ ಅಕ್ಕ. ಲೋಕಕ್ಕೆಲ್ಲ ಹೇಳಿದ್ವಿ. ಆಮೇಲೆ ಒಂದು ದಿನ ಕಲ್ಲನ್ನ ಹೊರಗೆ ತೆಗೀಬೇಕು ಅಂತ ಸಾರ್ ಹೀಗೆ ಮುಟ್ಟಿದ್ದೇ ತಡ, ಅಂಗೈಗೆ ಬಿತ್ತು. ಚಾಕು ಹಾಕಿ ಎಬ್ಬಿಸಬೇಕಾಗಿದ್ದ ಕಲ್ಲು. ನಾನು ನಕ್ಕೆ. ಸಾರ್ ನಗಲಿಲ್ಲ."

ಬೇರೆ ಅಂಟು ತರಿಸಿದರಂತೆ. ಇನ್ನೊಬ್ಬರನ್ನು ನಂಬದೆ ತಾವೇ ಕಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಂಟು ಆರುವವರೆಗೆ ಅಲುಗದೆ ಕೂತರಂತೆ. ಮತ್ತೆ ಯಂತ್ರ ಹಾಕಿದರು. ಕಲ್ಲು ನಿಜವಾಗಿ ತಣ್ಣಗಾಯಿತು, ಕಣಗಳೆಲ್ಲ ಒಂದೊಂದು ದಿಕ್ಕಿಗೆ ಸೆಟೆದು ಹೆಪ್ಪುಗಟ್ಟಿ ನಿಂತವು. ಮತ್ತೆ ಮತ್ತೆ ಮಾಡಿ ನೋಡಿದರು, ಮತ್ತೆ ಮತ್ತೆ ಅದೇ.

"ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಳದೇ ಇದ್ದಿದ್ರೆ ವರ್ಷಗಟ್ಟಲೆ ಗೊತ್ತಾಗ್ತಿರಲಿಲ್ಲ. ಸಾರ್ ಅವರೇ ಆ ದೊಡ್ಡ ಪ್ರಯೋಗಶಾಲೆಗೆ ಫೋನ್ ಮಾಡಿದ್ರು. ನಾನು ಪಕ್ಕದಲ್ಲೇ ಇದ್ದೆ. 'ನನ್ನ ಫಲಿತಾಂಶ ತಪ್ಪು, ನೀವು ಕರೆದದ್ದು ಅದನ್ನ ನಂಬಿ, ಹಾಗಾಗಿ ನಾನು ಬರೋದಿಲ್ಲ' ಅಂದ್ರು. ಆಮೇಲೆ ನಮ್ಮ ವಿಜ್ಞಾನದ ಪತ್ರಿಕೆಗಳಲ್ಲೆಲ್ಲ ತಪ್ಪು ಅಂತ ಬಹಿರಂಗವಾಗಿ ಬರೆದ್ರು, ಊರಿನ ಪೇಪರಿನೋರಿಗೆ ಅದು ಬೇಕಿರಲಿಲ್ಲ. ಅವರು ಮಾಡಿದ ದೊಡ್ಡ ಕೆಲಸ ಅಂದ್ರೆ ಅದೇ ಅಕ್ಕ, ನನ್ನ ಕೇಳಿದ್ರೆ."

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಇಬ್ಬರೂ ನೋಡಿದರು, ಯಾರೂ ಆರಿಸಲಿಲ್ಲ.

"ನನಗೆ ಗೊತ್ತಿದೆ ಅಂದುಕೊಂಡಿದ್ದೆಯಾ?"

"ಫೋನ್ ಮಾಡಿದ ದಿನ ಬಸ್ ಸ್ಟಾಪಿನ ತನಕ ನಾನೇ ಜೊತೆಗೆ ಬಂದೆ. 'ಮನೆಗೆ ಹೋಗಿ ಇವಳಿಗೆ ಎಲ್ಲ ಹೇಳಿಬಿಡ್ತೀನಿ' ಅಂದ್ರು. ಮಾರನೇ ದಿನ ಕೇಳಿದೆ, ಅಕ್ಕ ಏನಂದ್ರು ಅಂತ. 'ಏನೂ ಅನ್ನಲಿಲ್ಲ' ಅಂದ್ರು." ಉದ್ದಣ್ಣ ತಲೆ ತಗ್ಗಿಸಿದ. "ಒಂದು ದಿನವೂ ಅವರನ್ನ ಹೀಗಳೀಲಿಲ್ಲ ನೀವು. ಅದಕ್ಕೇ ನಿಮ್ಮ ಮೇಲೆ ನನಗೆ ಅಷ್ಟು ಗೌರವ."

*

ಆ ದಿನ ಆಕೆಗೆ ಚೆನ್ನಾಗಿ ನೆನಪಿತ್ತು. ನೆನಪಿರದೇ ಏನು, ಅದರ ಮೇಲೇ ತಾನೇ ಮುಂದಿನ ಬದುಕನ್ನೆಲ್ಲ ಕಟ್ಟಿಕೊಂಡದ್ದು.

ಅದಕ್ಕೆ ಕೆಲವು ವಾರ ಮೊದಲು ಮನೆಯಲ್ಲಿ ದೊಡ್ಡ ಜಗಳವಾಗಿತ್ತು. ತಾಯಿ ಈ ಊರು ಬಿಟ್ಟು ಬರುವುದಿಲ್ಲ ಎಂದು ಹಠ ಹಿಡಿದಿದ್ದರು. ಅಮ್ಮನನ್ನು ಬಿಟ್ಟು ತಾನೂ ಬರುವುದಿಲ್ಲ ಎಂದು ಟೀಚರಮ್ಮ ಹೇಳಿದ್ದಳು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. "ಹೋಗೋದಾದ್ರೆ ನಿಮ್ಮ ಕಲ್ಲನ್ನ ಕಟ್ಟಿಕೊಂಡು ನೀವೊಬ್ಬರೇ ಹೋಗಿ" ಎಂದೂ ಅಂದಿದ್ದಳು. ಮೇಷ್ಟ್ರು ಆಗಲೂ ತಿರುಗಿ ಏನೂ ಅನ್ನಲಿಲ್ಲ. ಅತ್ತ ನೋಡಿದರೆ ಅತ್ತೆ, ಇತ್ತ ನೋಡಿದರೆ ಹೆಂಡತಿ. ಮೂರನೆಯ ಚಮಚದ ಪಾಡು ಅವರದು.

ಆ ಸಂಜೆ ಆಕೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಾಯಿ ಕೆಳಗೆ ಕೂತು ಬಟಾಣಿ ಬಿಡಿಸುತ್ತಿದ್ದರು. ಮೇಷ್ಟ್ರು ಬಂದವರು ಬೂಟು ಬಿಚ್ಚಲು ಬಗ್ಗಿ, ಲೇಸನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

"ನಾನು ಹೋಗ್ತಿಲ್ಲ."

ಖುಷಿ ಎದೆಗೆ ನುಗ್ಗಿ ಬಂತು. ಆ ಖುಷಿಗೆ ನಾಚಿಕೆಯೂ ಆಯಿತು. ಗಂಡನ ಆಸೆ ಮುರಿದುಬಿದ್ದದ್ದಕ್ಕೆ ಹಿಗ್ಗುವ ಹೆಂಗಸು ಎಂಥವಳು? ಅದನ್ನು ಮುಚ್ಚಿಕೊಳ್ಳಲು ಮುಖ ಗಂಟುಹಾಕಿಕೊಂಡು, ಕೆಂಪು ಪೆನ್ನನ್ನು ಎತ್ತದೆ, ಆಕೆ ಹೇಳಿದ್ದು ಇಷ್ಟು: "ನನ್ನಿಂದ ಹೀಗಾಯ್ತು ಅಂತ ಆಮೇಲೆ ಅನ್ನಬೇಡಿ."

ಅವರು ಬಗ್ಗಿದ್ದವರು ತಲೆಯೆತ್ತಿದರು. ತುಂಬ ಹೊತ್ತು ನೋಡಿದರು. ಬಾಯಿ ತೆರೆದ ಹಾಗೂ ಇತ್ತು. ಅಷ್ಟರಲ್ಲಿ ತಾಯಿ, "ಅಳಿಯ ಅಂದ್ರೆ ಹೀಗಿರಬೇಕು ನೋಡು. ಮನೆಯೋರಿಗಿಂತ ಯಾವ ಪ್ರಯೋಗಶಾಲೆ ದೊಡ್ಡದು?" ಎಂದು ಹೊಗಳಿ, ಕಣ್ಣಲ್ಲಿ ನೀರು ತಂದುಕೊಂಡರು.

"ಇಲ್ಲ," ಎಂದರು ಮೇಷ್ಟ್ರು ಹೆಂಡತಿಗೆ. "ಅನ್ನಲ್ಲ."

ಕೊಟ್ಟ ಮಾತು ಉಳಿಸಿಕೊಂಡರು, ಒಂದು ದಿನವೂ ಅನ್ನಲಿಲ್ಲ. ಅನ್ನದ ಮಾತು ಟೀಚರಮ್ಮನ ಕುತ್ತಿಗೆಗೆ ಬಿತ್ತು. ನನಗಾಗಿ ಇಷ್ಟು ಬಿಟ್ಟವರಿಗೆ ನಾನೇನು ಬಿಡಲಿ ಎಂದು ಆಕೆ ಹುಡುಕಿ ಹುಡುಕಿ ಬಿಟ್ಟಳು. ಆಚೆ ಊರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಜಾಗ ತಾನಾಗಿ ಒಲಿದು ಬಂದಿತ್ತು, ಓಡಾಟವಾಗುತ್ತದೆ ಎಂದು ಬೇಡವೆಂದಳು. ವಾರಕ್ಕೊಮ್ಮೆ ಗೆಳತಿಯರ ಜೊತೆ ಹಾಡಲು ಹೋಗುತ್ತಿದ್ದಳು. ಅವರು ಮನೆಗೆ ಬರುವ ಹೊತ್ತಿಗೆ ತಾನು ಇರಬೇಕು ಎಂದು ಅದನ್ನೂ ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಎಂದು ಅವರು ಕೇಳಿದಾಗ ಗಂಟಲು ಸರಿಯಿಲ್ಲ ಎಂದಳು. ಅವರು ಔಷಧಿ ಅಂಗಡಿಗೆ ಹೋಗಿ ಗಂಟಲ ಮಾತ್ರೆ ತಂದುಕೊಟ್ಟರು, ಪಾಪ.

*

ಸಿಟ್ಟು ಬಂತು. ಸತ್ತವರ ಮೇಲೆ ಬರಬಾರದಂಥ ಸಿಟ್ಟು. ಹೊರಗೆ ಹೋಗಿ ಗಾಜಿನ ಮುಚ್ಚಳ ಎತ್ತಿ, ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಲೋಕಕ್ಕೆಲ್ಲ ತಪ್ಪೊಪ್ಪಿಕೊಂಡ ಮಹಾನುಭಾವ! ಎದುರುಮನೆಯಾಕೆಯ ಫ್ರಿಜ್ಜಿನ ಮುಂದೆ ಕೈಲಾಗಲಿಲ್ಲ ಎಂದ ಬಾಯಿಗೆ, ಕಟ್ಟಿಕೊಂಡ ಹೆಂಡತಿಯ ಮುಂದೆ ಏನು ಬಂದಿತ್ತು ರೋಗ? ತಾನು ಹಾಡು ಬಿಟ್ಟಿದ್ದು ಯಾವುದಕ್ಕೆ? ಕೂದಲೆಳೆಯಷ್ಟು ಬಿರುಕಿಗೆ?

"ನಾನು ಬಾಯಿಬಿಡಬಾರದಿತ್ತು ಅಕ್ಕ," ಎಂದ ಉದ್ದಣ್ಣ.

"ನೀನಲ್ಲ ಬಿಡು."

ಆಕೆ ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಚೆಲ್ಲಿದ ಹಾಲು ಒರೆಸತೊಡಗಿದಳು. ಒರೆಸುತ್ತಾ ಒರೆಸುತ್ತಾ ಇನ್ನೊಂದು ಸಂಜೆ ನೆನಪಾಯಿತು, ಕೈ ನಿಧಾನವಾಯಿತು.

ಅವರು ನಿವೃತ್ತರಾದ ವರ್ಷ. ತಾಯಿ ತೀರಿಕೊಂಡಿದ್ದರು, ಮಗಳು ಬೇರೆ ಮನೆ ಮಾಡಿದ್ದಳು. ಕರೆಂಟು ಹೋಗಿತ್ತು. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಅವರು, "ಆವತ್ತು ನಾನು ಹೋಗ್ತಿಲ್ಲ ಅಂದೆನಲ್ಲ, ಅದರ ಬಗ್ಗೆ ನಿನಗೊಂದು ಹೇಳಬೇಕು," ಎಂದಿದ್ದರು.  ಬಂತು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಈಗ ಅನ್ನುತ್ತಾರೆ, ನಿನ್ನಿಂದಲೇ ನನ್ನ ಬಾಳು ಹೀಗಾಯಿತು ಅನ್ನುತ್ತಾರೆ ಎಂದು ಹೆದರಿ, ಅವರ ಮಾತು ಮುಗಿಯುವ ಮೊದಲೇ ಟೀಚರಮ್ಮ ಎದ್ದು ನಿಂತಿದ್ದಳು.

"ಈಗ್ಯಾಕೆ ಅದೆಲ್ಲ? ಮುಗಿದ ಕತೆ. ಏಳಿ, ಊಟ ಆರಿಹೋಗುತ್ತೆ."

ಅವರು ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಎದ್ದು ಬಂದು, ಮೇಣದಬತ್ತಿಯ ಬೆಳಕಲ್ಲಿ ಊಟ ಮಾಡಿ, ಅಡುಗೆ ಚೆನ್ನಾಗಿದೆ ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಒಂದೇ ಒಂದು ಸಲ ಬಾಯಿ ತೆರೆದಿದ್ದರು. ಮುಚ್ಚಿಸಿದ್ದು ತಾನು. ಆಕೆ ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು, ನಿನ್ನೆಯಿಂದ ಬಾರದ ಅಳುವನ್ನು ಅತ್ತಳು. ಹಾಲಿನ ವಾಸನೆ ಹೊಡೆಯುತ್ತಿತ್ತು. ಉದ್ದಣ್ಣ ಏನು ಮಾಡಬೇಕೋ ತಿಳಿಯದೆ ಗೋಡೆಯ ಕಡೆ ತಿರುಗಿ ನಿಂತ.

ಮಗಳು ಬಾಗಿಲು ತಳ್ಳಿ, ವ್ಯಾನ್ ಬಂದಿದೆ ಎಂದಳು. ಅಮ್ಮನ ಕೈಯಲ್ಲಿದ್ದ ಡಬ್ಬಿ ನೋಡಿ ಏನದು ಎಂದು ಕೇಳಿದಳು.

"ನಿಮ್ಮಪ್ಪನ ಕಲ್ಲು," ಎಂದಳು ಟೀಚರಮ್ಮ.

*

ಚಿತಾಗಾರದ ಹಜಾರದಲ್ಲಿ ಉದ್ದನೆಯ ಬೆಂಚುಗಳು, ಗೋಡೆಗೆ ಬೂದುಬಣ್ಣ. ಮುಂದೆ ಉಕ್ಕಿನ ಬಾಗಿಲು. ಅದರ ಹಿಂದೆ ಕುಲುಮೆಯ ಸದ್ದು, ದೂರದಲ್ಲಿ ಲಾರಿ ನಿಂತು ಗುರುಗುಟ್ಟಿದ ಹಾಗೆ. ಅವರ ಮೈಮೇಲೆ ಲೋಹ ಏನಾದರೂ ಇದ್ದರೆ ತೆಗೆಯಬೇಕು ಎಂದು ಅಲ್ಲಿನ ನೌಕರ ಹೇಳಿದ. ಉಂಗುರವನ್ನು ಮಗಳು ಮನೆಯಲ್ಲೇ ತೆಗೆದಿಟ್ಟಿದ್ದಳು. ಇವರ ಹಿಂದೆ ಇನ್ನೊಂದು ಮನೆಯವರು ಕಾಯುತ್ತಿದ್ದರು, ಹಾಗಾಗಿ ಮಾತಾಡುವವರು ಬೇಗ ಮಾತಾಡಿ ಮುಗಿಸಿ ಎಂದೂ ಹೇಳಿದ.

ಕಾಲೇಜಿನವರೊಬ್ಬರು ಎದ್ದು, ಎಲ್ಲ ಸಾವಿನಲ್ಲೂ ಹೇಳುವುದನ್ನು ಹೇಳಿದರು. ಎದುರುಮನೆಯಾಕೆ ಫ್ರಿಜ್ಜಿನ ಕತೆ ಹೇಳಲು ಹೋಗಿ ಅರ್ಧದಲ್ಲೇ ನಿಲ್ಲಿಸಿ ಕೂತಳು. ಆಮೇಲೆ ನಾದಿನಿ ಎದ್ದಳು. ಅಣ್ಣ ತನಗೆ ತಲೆ ಬಾಚುತ್ತಿದ್ದುದು, ಬೈತಲೆ ಯಾವತ್ತೂ ಸೊಟ್ಟಗಿರುತ್ತಿದ್ದುದು, ಎಲ್ಲ ಹೇಳಿದಳು. ಕೆಲವರು ನಗುತ್ತಾ ಕಣ್ಣೊರೆಸಿಕೊಂಡರು. ಅಲ್ಲಿಗೆ ಕೂತಿದ್ದರೆ ಚೆನ್ನಾಗಿತ್ತು.

"ಎಲ್ಲರೂ ತಿರುಗಿ ನೋಡೋ ಹಾಗೆ ಆಗಬೇಕಿತ್ತು ನಮ್ಮಣ್ಣ," ಎಂದಳು. "ಮನೆಯೋರಿಗೋಸ್ಕರ ಬಿಟ್ಟ. ಬೇಡ ಅಂದರು, ಬಿಟ್ಟ. ಅಷ್ಟೇ ನಾನು ಹೇಳೋದು."

ಹಜಾರದಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಗಳು ಕಣ್ಣು ಮುಚ್ಚಿದಳು. ಟೀಚರಮ್ಮನ ಪಕ್ಕದಲ್ಲಿ ಉದ್ದಣ್ಣ ಧಡಕ್ಕನೆ ಎದ್ದ.

"ಅದು ಹಾಗಲ್ಲ. ನಿಜ ಏನಂದ್ರೆ..."

ಆಕೆ ಅವನ ಕೋಟಿನ ಚುಂಗು ಹಿಡಿದು ಎಳೆದಳು. ಅವನು ಕೂರಲಿಲ್ಲ, ಆದರೆ ಮಾತು ನಿಲ್ಲಿಸಿದ. ಎರಡು ಮಾತು ಸಾಕಾಗಿತ್ತು. ಎರಡು ಮಾತಿಗೆ ಇಷ್ಟು ವರ್ಷದ ಹೊರೆ ಈ ಬೆಂಚಿನ ಮೇಲೆ ಇಳಿದುಹೋಗುತ್ತಿತ್ತು. ನಾದಿನಿ ಬಾಯಿ ಮುಚ್ಚುತ್ತಿದ್ದಳು, ಮಗಳು ಇತ್ತ ತಿರುಗಿ ನೋಡುತ್ತಿದ್ದಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ತನಗೇ ಹೇಳಲಾರದೆ ಹೋದ ಮಾತನ್ನು ಅವರ ಮುಂದೆಯೇ ಈ ಹಜಾರಕ್ಕೆಲ್ಲ ಹೇಗೆ ಹೇಳಿಸುವುದು? ಟೀಚರಮ್ಮ ಬೆಂಚು ಹಿಡಿದುಕೊಂಡು ಎದ್ದಳು. ಅಂಗೈಯಲ್ಲಿ ಡಬ್ಬಿ ಬೆವತಿತ್ತು.

"ಹೌದು," ಎಂದಳು. "ನಾನೇ ಬೇಡ ಅಂದೆ. ಅವರು ನನ್ನ ಮಾತು ಕೇಳಿದ್ರು." ಡಬ್ಬಿಯನ್ನು ಇನ್ನೊಂದು ಕೈಗೆ ದಾಟಿಸಿ ಹೇಳಿದಳು, "ಅದಕ್ಕೆ ಒಂದು ದಿನವೂ ನನ್ನನ್ನ ಅನ್ನಲಿಲ್ಲ."

ನಾದಿನಿ ಇದನ್ನು ನಿರೀಕ್ಷಿಸಿರಲಿಲ್ಲ. ನಿಂತವಳು ಕೂತುಬಿಟ್ಟಳು. ಮಗಳು ಕಣ್ಣು ತೆರೆದು ಅಮ್ಮನನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೋಡುತ್ತಿರುವವಳ ಹಾಗಿತ್ತು ಆ ನೋಟ. ಬಳಿಗೆ ಬಂದು ತೋಳಿನೊಳಗೆ ತೋಳು ತೂರಿಸಿದಳು. ಉದ್ದಣ್ಣ ಮಾತ್ರ ತಲೆಯೆತ್ತಲಿಲ್ಲ.

ಪೆಟ್ಟಿಗೆಯ ಗಾಜಿನ ಮುಚ್ಚಳ ತೆಗೆದರು. ಟೀಚರಮ್ಮ ಮಗಳ ತೋಳು ಬಿಡಿಸಿಕೊಂಡು ಹತ್ತಿರ ಹೋದಳು. ಡಬ್ಬಿಯಿಂದ ಹಸಿರು ಕಲ್ಲು ತೆಗೆದು ಅವರ ಬಲ ಅಂಗೈಯಲ್ಲಿಟ್ಟಳು. ಬೆರಳುಗಳು ಸೆಟೆದಿದ್ದವು, ಮಡಿಸಿದರೆ ಮಡಿಯಲಿಲ್ಲ. ಕಲ್ಲು ಅಂಗೈಯ ಗೆರೆಯ ಮೇಲೆ ಅತ್ತಿತ್ತ ಉರುಳಿ, ಬೀಳುವ ಹಾಗೆ ಬೆರಳ ಸಂದಿಯ ಅಂಚಿಗೆ ಬಂತು. ಅದನ್ನು ಮತ್ತೆ ನಡುವಿಗೆ ತಂದು, ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಅಮ್ಮಾ, ಹೊತ್ತಾಯ್ತು. ಮುಂದಿನೋರು ಕಾಯ್ತಿದಾರೆ," ಎಂದ ನೌಕರ.

"ಒಂದು ನಿಮಿಷ ಇರಪ್ಪ. ಇನ್ನೂ ಸರಿಯಾಗಿ ತಾಗಿಲ್ಲ."

ನೌಕರನಿಗೆ ಅರ್ಥವಾಗಲಿಲ್ಲ. ಹಿಂದಿನಿಂದ ಉದ್ದಣ್ಣ ಬಂದು ಅವನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಉಕ್ಕಿನ ಬಾಗಿಲು ತೆರೆದಿತ್ತು, ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಟೀಚರಮ್ಮ ಅಲುಗದೆ ನಿಂತಿದ್ದಳು. ಆಕೆಯ ಹೆಬ್ಬೆರಳಿನ ಕೆಳಗೆ, ಅವರ ಅಂಗೈಯ ಮೇಲೆ, ಕಲ್ಲು ಮೆಲ್ಲಮೆಲ್ಲಗೆ ತಣ್ಣಗಾಗತೊಡಗಿತು.